ಚಳಿಗಾಲ ಕದ್ದವರು

ಈ ಹೊತ್ತಿಗೆ ಗಂಡು ಹ್ಯಾಮ್‌ಸ್ಟರ್ ಇಲಿಗಳ ವೃಷಣ ಕುಗ್ಗಿ ಕಡಲೆಯಿಂದ ಸಾಸಿವೆಗೆ ಇಳಿಯಬೇಕಿತ್ತು. ಆದರೆ ಎರಡು ಪಂಜರದ ಗಂಡುಗಳು ಮದುವೆಗೆ ಹೊರಟ ವರರ ಹಾಗೆ ಬೀಗಿಕೊಂಡಿದ್ದವು. ಗೂಬೆಯ ಮುಖ ಸಾಸಿವೆಯಾಯಿತು.

ಗೂಬೆಯೆಂದರೆ ಕತ್ತಲಕೋಣೆಯ ಸಂಶೋಧನಾ ವಿದ್ಯಾರ್ಥಿ. ಹೆಸರಿಟ್ಟವಳು ಪ್ರಯೋಗಾಲಯದ ಹಿರಿಯ ಸಂಶೋಧಕಿ, ಎಲ್ಲರ ಅಕ್ಕ. ಅವನ ಕೆಲಸ ಹ್ಯಾಮ್‌ಸ್ಟರ್‌ಗಳಿಗೆ ಸುಳ್ಳು ಚಳಿಗಾಲ ತೋರಿಸುವುದು. ದಿನದ ಹೆಚ್ಚು ಪಾಲು ಕತ್ತಲಿದ್ದರೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸುರಿಸುತ್ತದೆ. ಸಂಸಾರಕ್ಕೆ ಇದು ಕಾಲವಲ್ಲವೆಂದು ದೇಹ ಗಂಡು ಹಾರ್ಮೋನಿನ ನಲ್ಲಿ ಮುಚ್ಚಿಬಿಡುತ್ತದೆ, ವೃಷಣ ಕುಗ್ಗುತ್ತದೆ. ನಡುವೆ ಚೂರು ಬೆಳಕು ಬಿದ್ದರೂ ಮೆಲಟೋನಿನ್ ಇಳಿದು ಲೆಕ್ಕ ತಪ್ಪುತ್ತದೆ. ಈ ಹ್ಯಾಮ್‌ಸ್ಟರ್ ತಂಡವೂ ಹಿಂದಿನದರ ಹಾಗೆ ಕೆಟ್ಟರೆ ಬೇರೆ ಕಡೆ ಜಾಗ ನೋಡಿಕೊಳ್ಳೆಂದು ಪ್ರೊಫೆಸರ್ ಆಗಲೇ ಹೇಳಿಯಾಗಿತ್ತು.

ಹಾಗಾದರೆ ಬಾಗಿಲು ತೆಗೆದವರು ಯಾರು? ಕೀಲಿ ಇದ್ದದ್ದು ಅವನನ್ನು ಬಿಟ್ಟರೆ ಇಬ್ಬರ ಬಳಿ. ಮಂಡಿನೋವಿನ ಪ್ರೊಫೆಸರ್ ಲಿಫ್ಟ್ ಹೋಗದ ಮೇಲಿನ ಮಹಡಿಗೆ ಹತ್ತುವವರಲ್ಲ. ಉಳಿದವಳು ಅಕ್ಕ. ಅವಳು ಪ್ರೊಫೆಸರರ ಗಂಟಲು ಕೆರೆತ, ಲಿಫ್ಟಿನ ನರಳಾಟ, ಗೂಬೆಯ ತೊದಲು ಎಲ್ಲವನ್ನೂ ಅನುಕರಿಸಿ ನಗಿಸುವವಳು. ನಗಿಸುವವರ ಹೊಟ್ಟೆಯಲ್ಲಿ ಏನಿರುತ್ತದೋ ಯಾರು ಬಲ್ಲರು! ಹೇಗಿದ್ದಾರೆ ನಿನ್ನ ವರರು ಎಂದು ಅವಳು ಕೇಳಿದಾಗಲಂತೂ ಅನುಮಾನಕ್ಕೆ ರೆಕ್ಕೆಪುಕ್ಕ ಹುಟ್ಟಿತು.

ಕತ್ತಲಲ್ಲೂ ಕಾಣುವ ಪುಟ್ಟ ಕ್ಯಾಮೆರಾ ತಂದು, ಮೇಲಿನ ಹಲಗೆಯ ಮೇವಿನ ಡಬ್ಬಗಳ ನಡುವೆ ಇಟ್ಟ. ಕಳ್ಳಿಗೆ ಸುಳಿವು ಸಿಕ್ಕೀತೆಂದು ಕತ್ತಲ ಹೊತ್ತಿನಲ್ಲಿ ತಾನೂ ಒಳಗೆ ಕಾಲಿಡಲಿಲ್ಲ. ಊಟ ಮಾಡುತ್ತಾ, ಹಲ್ಲುಜ್ಜುತ್ತಾ ಮೊಬೈಲಿನಲ್ಲಿ ಮುಚ್ಚಿದ ಬಾಗಿಲನ್ನೇ ಕಾದ. ವಾರಗಳು ಕಳೆದರೂ ಯಾರೂ ಬರಲಿಲ್ಲ. ಆದರೆ ಮೊದಲು ಕುಗ್ಗಿದ್ದ ಗಂಡುಗಳೂ ಒಂದೊಂದಾಗಿ ಬೀಗತೊಡಗಿದವು. ಕ್ಯಾಮೆರಾ ಕಣ್ಣಿಗೂ ಮಣ್ಣೆರಚಿದ್ದಾಳೆಂದು ಅವನಿಗೆ ಖಾತ್ರಿಯಾಯಿತು. ವಾರದ ಸಭೆಯಲ್ಲಿ ಎಲ್ಲರೆದುರೇ ಅಂದುಬಿಟ್ಟ.

"ಅಕ್ಕ ನನ್ನ ಪ್ರಯೋಗ ಕೆಡಿಸ್ತಿದಾರೆ ಸರ್. ಕೀಲಿ ಇರೋದು ಅವರ ಹತ್ರಾನೇ."

ಅಕ್ಕ ಆ ದಿನ ಯಾರ ದನಿಯನ್ನೂ ತೆಗೆಯಲಿಲ್ಲ. ಪ್ರೊಫೆಸರ್ ಮಂಡಿ ಹಿಡಿದುಕೊಂಡು ಮೇಲೆ ಹತ್ತಿದರು. ಮೂವರೂ ಒಳಗೆ ಸೇರಿ ಬಾಗಿಲು ಮುಚ್ಚಿ, ದೀಪವಿಲ್ಲದೆ ನಿಂತರು. ಕಣ್ಣು ಕತ್ತಲಿಗೆ ಒಗ್ಗುತ್ತಿದ್ದಂತೆ, ಡಬ್ಬಗಳ ಸಂದಿಯಿಂದ ಒಂದು ನೀಲಿ ಚುಕ್ಕೆ ಪಂಜರಗಳನ್ನೇ ದಿಟ್ಟಿಸುತ್ತಿತ್ತು.

"ಇದ್ಯಾರದಯ್ಯಾ?" ಅಂದರು ಪ್ರೊಫೆಸರ್.

ಕ್ಯಾಮೆರಾದ ದೀಪವೇ ಇಷ್ಟು ದಿನ ಕತ್ತಲಿಗೆ ಬೆಳಕು ಚೆಲ್ಲಿತ್ತು; ಕಾವಲಿಗಿಟ್ಟ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನ್ನದೇ ಎಂದು ಗೂಬೆ ಒಪ್ಪಿಕೊಂಡ. ಮೊದಲಿನ ಎರಡು ಪಂಜರದ ಗಂಡುಗಳ ಗುಟ್ಟನ್ನು ಅಕ್ಕನೇ ಬಿಡಿಸಿದಳು: ಎಷ್ಟು ಕತ್ತಲು ತೋರಿಸಿದರೂ ಚಳಿಗಾಲಕ್ಕೆ ಬಗ್ಗದ ಜಾತಿಯವು ಕೆಲವು ಹುಟ್ಟುತ್ತವಂತೆ, ಯಾರ ತಪ್ಪೂ ಅಲ್ಲ. ಮೊದಲೇ ತನ್ನನ್ನು ಕೇಳಿದ್ದರೆ ಹೇಳುತ್ತಿದ್ದಳಂತೆ.

ಪ್ರೊಫೆಸರ್ ಮಂಡಿ ಹಿಡಿದುಕೊಂಡೇ ಇಳಿದುಹೋದರು. ಜಾಗ ಹೋಯಿತೆಂದೇ ಗೂಬೆ ಗೋಡೆಗೊರಗಿದ.

"ನನ್ನ ಕೋಣೇಲಿ ಇನ್ನೊಂದು ತಂಡ ಕತ್ತಲಲ್ಲೇ ಇದೆ. ಅರ್ಧ ನೀನು ತಗೋ. ಸರ್‌ಗೆ ನಾನು ಹೇಳ್ತೀನಿ," ಅಂದಳು ಅಕ್ಕ.

ಕಾಲಿಗೆ ಬೀಳಬೇಕಾದವನ ಬಾಯಿಂದ ಬಂದದ್ದು ಬೇರೆ: "ನೀವ್ಯಾಕಕ್ಕ ಕೊಡ್ತಿದೀರ?"

ಅಕ್ಕ ಗಂಟಲು ಕೆರೆದು ಥೇಟ್ ಪ್ರೊಫೆಸರರ ದನಿಯಲ್ಲಿ, "ಅನುಮಾನಕ್ಕೆ ಇನ್ನೂ ಔಷಧಿ ಕಂಡುಹಿಡಿದಿಲ್ಲ ಕಣಯ್ಯಾ," ಅಂದು ತನ್ನ ಕೋಣೆಗೆ ಕರೆದೊಯ್ದು ಅರ್ಧ ಪಂಜರಗಳನ್ನು ಅವನಿಗೆ ಒಪ್ಪಿಸಿದಳು.

ಅವಳು ಅತ್ತ ತಿರುಗಿದ್ದೇ ತಡ, ಗೂಬೆ ಹ್ಯಾಮ್‌ಸ್ಟರ್ ಕಣ್ಣಿಗೆ ತಾಗದ ಮಂದ ಕೆಂಪು ದೀಪದಲ್ಲಿ ಒಂದೊಂದೇ ಗಂಡನ್ನು ಮಗುಚಿ ನೋಡಿದ. ಎಲ್ಲವೂ ಅಚ್ಚುಕಟ್ಟಾಗಿ ಕುಗ್ಗಿದ್ದವು. ಇಷ್ಟು ಅಚ್ಚುಕಟ್ಟು ಹೇಗೆ ಸಾಧ್ಯ ಎಂದು ಇನ್ನೊಮ್ಮೆ ಮಗುಚಿದ.