ವೇಲುಚ್ಚಾಮಿಯವರ ಇನ್‌ಬಾಕ್ಸು

ಜನವರಿ ಎಂಟನೇ ತಾರೀಖು ಬೆಳಗ್ಗೆ, ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ, ಇನ್ನೂರ ಎಂಬತ್ತು ಜನರ ನಾಲ್ಕು ದಿನದ ಪೊಂಗಲ್ ರಜೆಯನ್ನು ರದ್ದು ಮಾಡಿ ಹಾಜರಿ ಯಂತ್ರದ ಪಕ್ಕದ ಗೋಡೆಗೆ ನೋಟೀಸು ಅಂಟಿಸಿದರು. ಫಾರಿನ್ ಪಾರ್ಟಿ ಗಡುವು ಮುಂದಕ್ಕೆ ಹಾಕಲು ಒಪ್ಪಿಲ್ಲ, ಹಬ್ಬಕ್ಕೆಂದು ಹೋದವರು ಆಮೇಲೆ ಬರಬೇಕಾಗಿಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಮ್ಯಾನೇಜರ್ ವೇಲುಚ್ಚಾಮಿಯವರ ಸಹಿಯಿತ್ತು.

ಹತ್ತನೇ ತಾರೀಖು ವೇಲುಚ್ಚಾಮಿಯವರ ಮೇಲ್ ನಿಂತುಹೋಯಿತು.

ಫೋನು ಬಂದಾಗ ಅಂಜುಗಂ ಬೇರೊಂದು ಆಫೀಸಿನಲ್ಲಿ ಪ್ರಿಂಟರಿನ ಹೊಟ್ಟೆಗೆ ಕೈ ಹಾಕಿ ಕೂತಿದ್ದಳು. ಐವತ್ತೆರಡರ ಹೆಂಗಸು. ಹನ್ನೊಂದು ವರ್ಷ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ತುಳಿದು, ಸೊಂಟ ಇನ್ನು ಆಗುವುದಿಲ್ಲ ಎಂದಾಗ ಓಣಿಯ ವಾಚನಾಲಯದ ಸಂಜೆ ಪಾಠಕ್ಕೆ ಹೋಗಿ ಕಂಪ್ಯೂಟರು ಕಲಿತವಳು. ಈಗ ಊರಿನ ನಲವತ್ತು ಕಂಪನಿಗಳ ಮೇಲ್ ಪೆಟ್ಟಿಗೆಗಳು ಕೆಟ್ಟರೂ ಅವಳೇ, ಉಬ್ಬಿದರೂ ಅವಳೇ.

"ಅಕ್ಕಾ, ಎದ್ದು ಬಂದ್ಬಿಡಿ. ಡೆನ್ಮಾರ್ಕಲ್ಲಿ ಬೆಳಗಾಗೋದ್ರೊಳಗೆ ಲೇಬಲ್ ಫೋಟೋ ಹೋಗ್ಬೇಕು. ಮೇಲ್ ಬರ್ತಿಲ್ಲ, ಹೋಗ್ತಿಲ್ಲ, ತೆಗೆದ್ರೆ ಬೆಳ್ಳಗೆ ನಿಂತುಬಿಡುತ್ತೆ," ಎಂದರು ವೇಲುಚ್ಚಾಮಿ.

"ಪೆಟ್ಟಿಗೆ ಕ್ಲೀನ್ ಮಾಡಿ ಎಷ್ಟು ದಿನ ಆಯ್ತು ಸಾರ್?"

"ಆಯುಧ ಪೂಜೆಗೆ ಚಂದನ ಹಚ್ಚಿಸಿದ್ದೆನಲ್ಲ!"

ಚಂದನ ನಿಜವಾಗಿಯೂ ಇತ್ತು. ಸಿಪಿಯು ಹಣೆಯ ಮೇಲೆ ಮೂರು ಬೆರಳಗಲ, ನಡುವೆ ಕುಂಕುಮ. ಮುಚ್ಚಳ ಬಿಚ್ಚಿದರೆ ಒಳಗೆ ಹತ್ತಿಯ ನಯಪುಡಿ ದಿಂಬು ತುಂಬುವಷ್ಟು. ಈ ಊರಿನಲ್ಲಿ ಹೆಂಗಸರ ಶ್ವಾಸಕೋಶದಲ್ಲಿ ಇರುವುದೇ ಯಂತ್ರದ ಹೊಟ್ಟೆಯಲ್ಲೂ ಇರುತ್ತದೆ, ಯಂತ್ರಕ್ಕಾದರೆ ಮಾತ್ರ ಕೂಡಲೇ ಫೋನು ಮಾಡುತ್ತಾರೆ. ಅಂಜುಗಂ ಬ್ಲೋವರ್ ಹಿಡಿದು ಊದಿದಳು. ಬಿಳಿ ಮೋಡವೆದ್ದು ವೇಲುಚ್ಚಾಮಿಯವರ ಮೀಸೆಯ ಮೇಲೆ ಕೂತಿತು.

"ಸಾರ್‌ಗೆ ಈಗ ಅರವತ್ತು," ಎಂದಿತು ಮೂಲೆಯಿಂದ ಒಂದು ದನಿ.

ಪೂಮಯಿಲ್. ಚೆಕ್ಕಿಂಗ್ ಸೆಕ್ಷನ್ನಿನವಳು, ಹೊರಗೆ ಜಾಗವಿಲ್ಲವೆಂದು ಸ್ಯಾಂಪಲ್ ತುಂಡುಗಳಿಗೆ ಟ್ಯಾಗು ಹಾಕಲು ಅವಳನ್ನು ಆಫೀಸಿನ ಮೂಲೆಯಲ್ಲಿ ಕೂರಿಸಿದ್ದರು. ಬಾಯಿಯೊಂದನ್ನು ಹೊರಗೇ ಬಿಟ್ಟು ಬಾ ಎಂದು ಯಾರೂ ಹೇಳಿರಲಿಲ್ಲ.

"ನೀನು ಟ್ಯಾಗ್ ನೋಡಮ್ಮ," ಎಂದರು ಸಾರ್, ಮೀಸೆ ಒರೆಸಿಕೊಳ್ಳುತ್ತ.

"ಕಣ್ಣು ಟ್ಯಾಗ್ ಮೇಲೇ ಇದೆ ಸಾರ್. ಬಾಯಿಗೆ ಕೆಲಸ ಕೊಟ್ಟಿಲ್ಲ ನೀವು."

ಅಂಜುಗಂ ನಗು ನುಂಗಿ ಕೇಳಿದಳು: "ಹಬ್ಬಕ್ಕೆ ಊರಿಗೆ ಹೋಗಲ್ವಾ ತಂಗೀ?"

"ಎಲ್ಲಿ ಅಕ್ಕಾ? ಬಸ್ ಟಿಕೆಟ್ ರವಿಕೆಯೊಳಗೇ ಬೆವರಿ ಒದ್ದೆಯಾಗ್ತಿದೆ. ಮಗಳು ಎಳಿಲರಸಿ ವಿರುದುನಗರದಲ್ಲಿ ಹಾಸ್ಟೆಲ್ಲು. ಜೂನಲ್ಲಿ ನೋಡಿದ್ದು. ಅವಳಿಗೆ ರಜೆ ಈ ನಾಲ್ಕೇ ದಿನ. ಅಮ್ಮಾ ಈ ಸಲ ಪೊಂಗಲ್ ಹಾಲು ಉಕ್ಕೋವಾಗ ನಾನೇ ಕೂಗೋದು ಅಂತ ಫೋನಲ್ಲೇ ಬುಕ್ ಮಾಡ್ಕೊಂಡಿದ್ಲು." ಟ್ಯಾಗಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು. "ಫಾರಿನ್ ಅಮ್ಮನಿಗೆ ನಮ್ಮ ಹಾಲು ಉಕ್ಕಬಾರದಂತೆ."

"ನಾನೇನು ಮಾಡ್ಲಿ? ಕಲ್ಲು ಮನಸ್ಸು ಅವರದು. ಕಾಲಿಗೆ ಬಿದ್ದು ಬೇಡ್ಕೊಂಡೆ," ಎಂದರು ವೇಲುಚ್ಚಾಮಿ.

ಈ ಊರಿನಲ್ಲಿ ಯಾರೂ ಕಂಡಿರದ ಆ ಫಾರಿನ್ ಪಾರ್ಟಿಯಷ್ಟು ಉಪಯೋಗಕ್ಕೆ ಬರುವ ಮನುಷ್ಯ ಮತ್ತೊಬ್ಬನಿಲ್ಲ. ಭಾನುವಾರ ಕೆಲಸವೇ, ಅವನು ಕೇಳಿದ. ಕ್ಯಾಂಟೀನಿನ ಫ್ಯಾನು ತಿರುಗುವುದಿಲ್ಲವೇ, ಅವನು ಬೇಡವೆಂದ. ಅವನ ಮುಖಕ್ಕೆ ಉಗಿಯಲು ಟಿಕೆಟು ತೆಗೆದು ಹೋಗುವಂತಿಲ್ಲವಾದ್ದರಿಂದ ಮ್ಯಾನೇಜರುಗಳು ನೆಮ್ಮದಿಯಾಗಿ ಬದುಕುತ್ತಾರೆ.

ಅಂಜುಗಂ ಯಂತ್ರ ಹಚ್ಚಿ ಮೇಲ್ ಪ್ರೋಗ್ರಾಮು ತೆರೆದಳು. ಪರದೆ ಬೆಳ್ಳಗೆ ನಿಂತಿತು. ಪ್ರೋಗ್ರಾಮು ಮುಚ್ಚಿ, ಅದು ಪತ್ರಗಳನ್ನು ಕೂಡಿಡುವ ಜಾಗ ಹುಡುಕಿದಳು. ಒಂಬತ್ತು ವರ್ಷದ ಪತ್ರಗಳೆಲ್ಲ ಒಂದೇ ಫೈಲಿನಲ್ಲಿ ತುರುಕಿಕೊಂಡು, ಫೈಲು ಆನೆಯಂತೆ ಬಾಗಿಲಿಗೆ ಸಿಕ್ಕಿಕೊಂಡಿತ್ತು.

"ನಾನು ಬೇಡದ್ದನ್ನೆಲ್ಲ ದಿನಾ ಡಿಲೀಟ್ ಮಾಡ್ತೀನಕ್ಕಾ!" ಎಂದರು ವೇಲುಚ್ಚಾಮಿ.

"ಅದನ್ನೇ ಎಲ್ಲರೂ ಹೇಳೋದು. ಚೆಕ್ಕಿಂಗಲ್ಲಿ ರಿಜೆಕ್ಟ್ ಪೀಸಿಗೆ ಕೆಂಪು ಸ್ಟಿಕರ್ ಹಚ್ಚಿ ಪಕ್ಕಕ್ಕಿಡ್ತಾರಲ್ಲ ಸಾರ್? ಪೀಸು ಕಟ್ಟಡ ಬಿಟ್ಟು ಹೋಯ್ತಾ? ಇಲ್ಲೇ ರಾಶಿ ಬಿದ್ದಿರುತ್ತೆ. ಡಿಲೀಟ್ ಅಂದ್ರೂ ಅಷ್ಟೆ, ಸ್ಟಿಕರ್. ಕಂಪ್ಯಾಕ್ಟ್ ಅಂತ ಒಂದಿದೆ, ಅದನ್ನ ಒತ್ತಿದ್ರೇನೇ ರಾಶಿ ಹೊರಗೆ ಹೋಗೋದು. ತಿಂಗಳಿಗೊಂದು ಸಲ ಒತ್ತಿ ಅಂತ ಹೋದ ವರ್ಷವೇ ಬಡ್ಕೊಂಡೆ."

"ಹಾಗಾದ್ರೆ ಈಗ ಒತ್ತಿ."

"ಪೆಟ್ಟು ತಿಂದ ಫೈಲನ್ನ ಹಿಂಡಿದ್ರೆ ಒಳ್ಳೇದೂ ಹರಿದುಹೋಗುತ್ತೆ. ಮೊದಲು ನಕಲು. ಆಮೇಲೆ ಹೊಸ ಇನ್‌ಬಾಕ್ಸು. ಆಮೇಲೆ ಹಳೇದನ್ನ ಬಿಚ್ಚಿ ಏನೇನು ಉಳಿದಿದೆ ನೋಡೋದು. ಕೊನೆಗೆ ಒತ್ತೋದು."

ನಕಲು ಮಾಡಿಟ್ಟು, ಹಳೆಯ ಫೈಲಿಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿದಳು. ಪ್ರೋಗ್ರಾಮು ತನಗೊಂದು ಹೊಸ, ಖಾಲಿ ಇನ್‌ಬಾಕ್ಸು ಮಾಡಿಕೊಂಡಿತು. ಬೆಳಗಿನಿಂದ ಹೊರಗೆ ಕಾದಿದ್ದ ಮೇಲುಗಳು ಟಣ್ ಟಣ್ ಎಂದು ಒಳಗೆ ಬಿದ್ದವು. ವೇಲುಚ್ಚಾಮಿಯವರು ಕೈಮುಗಿದರು, ಅವಳಿಗೋ ಯಂತ್ರಕ್ಕೋ.

ಇನ್ನು ಹಳೆಯದು. ಯಾವ ಪತ್ರ ಎಲ್ಲಿದೆ, ಯಾವುದಕ್ಕೆ ಸ್ಟಿಕರ್ ಬಿದ್ದಿದೆ ಎಂಬ ಪಟ್ಟಿ ಪೂರಾ ಕೆಟ್ಟಿತ್ತು. ಅಂಜುಗಂ ಆ ಪಟ್ಟಿಯನ್ನು ಕಿತ್ತುಹಾಕಿ ಹೊಸದಾಗಿ ಬರೆಯಲು ಪ್ರೋಗ್ರಾಮಿಗೆ ಹೇಳಿದಳು. ಹಸಿರು ಪಟ್ಟಿ ಇಂಚಿಂಚು ಸರಿಯಿತು. ಪೂಮಯಿಲ್ ಟ್ಯಾಗು ಬಿಟ್ಟು ಎದ್ದು ಬಂದು ಹಿಂದೆ ನಿಂತಳು.

ಮತ್ತೆ ಎಲ್ಲವೂ ಎದ್ದು ಬಂತು, ಸ್ಟಿಕರ್ ಬಿದ್ದದ್ದು, ಬೀಳದ್ದು ಎಲ್ಲ. ಬೋಳುತಲೆಗೆ ಎಣ್ಣೆಯ ಜಾಹೀರಾತು ಇನ್ನೂರ ಹನ್ನೆರಡು. ಭಾವಮೈದುನ ಕಳಿಸಿದ ಗುಲಾಬಿ ಹೂವಿನ ಶುಭೋದಯಗಳು ಐದು ವರ್ಷದವು. ನಿಮ್ಮ ಶನಿ ಯಾವಾಗ ಬಿಡುತ್ತಾನೆ ಎಂದು ಜ್ಯೋತಿಷಿಯ ಪತ್ರ ವಾರಕ್ಕೊಂದು.

"ಇನ್ನೂ ಬಿಟ್ಟಿಲ್ವಾ ಸಾರ್?" ಎಂದಳು ಪೂಮಯಿಲ್. ಅಂಜುಗಂಗೆ ಈ ಸಲ ನಗು ನುಂಗಲಾಗಲಿಲ್ಲ. ವೇಲುಚ್ಚಾಮಿಯವರೂ ನಕ್ಕರು, ಪಾಪ. ಮೇಲ್ ಬಂದ ಖುಷಿ.

"ಅಕ್ಕಾ, ಹೇಗೂ ನೀವೇ ಕೂತಿದೀರಲ್ಲ. ಡೆನ್ಮಾರ್ಕಿನ ಬಿರ್ಗಿಟ್ ಮೇಡಂದು ಕೊನೇ ಮೇಲ್ ತೆಗೆದು, ಅದಕ್ಕೇ ಉತ್ತರ ಅಂತ ಈ ಲೇಬಲ್ ಫೋಟೋ ಹಾಕಿ ಕಳಿಸಿಬಿಡಿ."

ಅಂಜುಗಂ ಬಿರ್ಗಿಟ್ ಎಂದು ಹುಡುಕಿದಳು. ಮೇಲುಗಡೆ ಬಂದದ್ದು ಜನವರಿ ಮೂರರದು. ತೆರೆದಳು. ಅವಳ ಇಂಗ್ಲಿಷು ನಿಧಾನದ್ದು, ಬೆರಳಿಟ್ಟು ಓದುವಂಥದ್ದು. ಬೆರಳು ಎರಡನೇ ಸಾಲಿನ ಮೇಲೆ ನಿಂತಿತು. ಹಿಂದೆ ಹೋಗಿ ಮತ್ತೆ ಬಂತು.

"ಅದಲ್ಲ! ಅದರ ಕೆಳಗಿನದು!" ಎಂದರು ವೇಲುಚ್ಚಾಮಿ. ದನಿ ಬೇರೆಯಾಗಿತ್ತು.

"ಏನಂತೆ ಅಕ್ಕಾ?" ಎಂದಳು ಪೂಮಯಿಲ್.

ಅಂಜುಗಂ ಗಟ್ಟಿಯಾಗಿ, ತಮಿಳಿನಲ್ಲಿ, ಪಾಠ ಒಪ್ಪಿಸುವವಳಂತೆ ಓದಿದಳು: "ನಿಮ್ಮ ಸುಗ್ಗಿ ಹಬ್ಬ ಬಂತೆಂದು ನನಗೆ ನೆನಪಿದೆ. ಇಪ್ಪತ್ತರ ಬದಲು ಮೂವತ್ತಕ್ಕೆ ಕಳಿಸಿದರೆ ಸಾಕು, ಹತ್ತು ದಿನ ಜಾಸ್ತಿ ಕೊಟ್ಟಿದ್ದೇನೆ. ದಯವಿಟ್ಟು ಎಲ್ಲರನ್ನೂ ಊರಿಗೆ ಕಳಿಸಿ."

ಪೂಮಯಿಲ್ ಬಾಯಿಗೆ ಈಗ ಕೆಲಸ ಸಿಕ್ಕಿತು. ಅವಳು ಕಿಸಕ್ಕನೆ ನಕ್ಕು, ಬಾಗಿಲಿಗೆ ಓಡಿ, ಹಾಲುಕ್ಕಿದಾಗ ಕೂಗುವ ಹಾಗೆ ಕೂಗಿದಳು:

"ಪೊಂಗಲೋ ಪೊಂಗಲ್! ಏಯ್, ಮೆಷಿನ್ ನಿಲ್ಲಿಸ್ರೇ! ಆ ಡೆನ್ಮಾರ್ಕಮ್ಮ ಮೂರನೇ ತಾರೀಖೇ ರಜೆ ಕೊಟ್ಟವಳೆ! ನಮ್ಮ ಸಾರು ಅದಕ್ಕೆ ಕೆಂಪು ಸ್ಟಿಕರ್ ಹಚ್ಚವ್ರೆ!"

ಒಂದು ಸಾಲಿನ ಮೆಷಿನ್ ನಿಂತಿತು. ಆಮೇಲೆ ಇನ್ನೊಂದು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಫ್ಯಾನಿನ ಸದ್ದು ಕೇಳಿಸಿದ್ದು ಅವತ್ತೇ. ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡೇ ಹೆಂಗಸರು ಬಾಗಿಲಿಗೆ ಮುತ್ತಿದರು.

"ಮತ್ತೆ ಹೇಳಕ್ಕಾ, ಎಷ್ಟು ದಿನ?"

"ಹತ್ತು!"

"ಅಯ್ಯೋ, ಆ ಪುಣ್ಯಾತ್ಗಿತ್ತೀನ ಎರಡು ದಿನದಿಂದ ಶಪಿಸ್ತಿದ್ನಲ್ಲೇ! ನನ್ನ ಶಾಪ ವಾಪಸ್ ತಗೊಂಡೆ ತಾಯೀ!"

"ತಗೊಂಡು ಸುಮ್ನೆ ಇಟ್ಕೋಬೇಡ, ಇಲ್ಲೇ ಹತ್ತಿರದವರಿಗೆ ಹಾಕು!"

ನಗು ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಗುಂಪನ್ನು ಬೈದು ಓಡಿಸಲು ಬಂದ ಸೂಪರ್‌ವೈಸರ್ ತಂಗವೇಲು, ವಿಷಯ ಕೇಳಿ, ಗುಂಪಿನ ಹಿಂದಿನಿಂದಲೇ ಕೈ ಎತ್ತಿದ: "ಸಾರ್, ನಂದೂ ತೇನಿಗೆ ಬಸ್ಸು ಬುಕ್ಕಾಗಿದೆ ಸಾರ್."

"ನೀನೂನಾ?" ವೇಲುಚ್ಚಾಮಿ ಕುರ್ಚಿಗೆ ಕುಸಿದರು. "ಆ ನಾಲ್ಕು ದಿನಕ್ಕೆ ಈರೋಡಿನವರ ಆರ್ಡರ್ ಹಿಡಿದುಬಿಟ್ಟಿದೀನಮ್ಮಾ. ನನ್ನ ಮಾತೇನಾಗ್ಬೇಕು?"

"ನಮಗೆ ಕೊಟ್ಟ ಮಾತೇನಾಗ್ಬೇಕು ಸಾರ್?" ಪೂಮಯಿಲ್ ಈಗ ನಗುತ್ತಿರಲಿಲ್ಲ. "ಏಳು ತಿಂಗಳಿಂದ ಮಗಳ ಮುಖ ನೋಡಿಲ್ಲ. ಈರೋಡಿನವರಿಗೆ ಇಪ್ಪತ್ತಕ್ಕೆ ಅಂತ ಒಂದು ಮೇಲ್ ಹಾಕಿ. ಪೆಟ್ಟಿಗೆ ಈಗ ಚೆನ್ನಾಗಿದೆ."

ಬಾಗಿಲಲ್ಲಿ ಯಾರೂ ಕದಲಲಿಲ್ಲ. ಮೆಷಿನ್ನುಗಳೂ ಕದಲಲಿಲ್ಲ. ಕೈಕಟ್ಟಿ ನಿಂತ ಇನ್ನೂರ ಎಂಬತ್ತು ಜನರ ಒಂದು ನಿಮಿಷ ಎಷ್ಟು ಉದ್ದವೆಂದು ಮ್ಯಾನೇಜರುಗಳಿಗೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ವೇಲುಚ್ಚಾಮಿಯವರು ಅದನ್ನು ಅಲ್ಲೇ ಕಲಿತರು.

"ಸರಿ. ಕೊಟ್ಟೆ. ಹೋಗ್ರಮ್ಮಾ."

"ಬಾಯಲ್ಲಿ ಬೇಡ ಸಾರ್. ಗೋಡೆ ಮೇಲೆ ಬೇಕು."

ಹಳೆಯ ನೋಟೀಸನ್ನು ತಂಗವೇಲು ಎಷ್ಟು ಹುರುಪಿನಿಂದ ಕಿತ್ತನೆಂದರೆ ಗೋಡೆಯ ಸುಣ್ಣವೂ ಬಂತು. ಹೊಸದನ್ನು ವೇಲುಚ್ಚಾಮಿಯವರೇ ಬರೆದು ಸಹಿ ಹಾಕಿದರು: ಹದಿನಾಲ್ಕರಿಂದ ಹದಿನೇಳು, ರಜೆ. ಹೊರಗೆ ಕೇಕೆ ಎದ್ದಿತು, ಯಾರೋ ಅಳತೆ ಟೇಪು ತಿರುಗಿಸುತ್ತ ಕುಣಿದರು, ಪೂಮಯಿಲ್ ಫೋನು ಕಿವಿಗಿಟ್ಟುಕೊಂಡು "ಎಳಿಲೂ, ಬರ್ತಿದೀನಿ ಕಣೇ" ಎಂದು ಕಿರುಚುತ್ತ ಓಡಿದಳು.

ಅಂಜುಗಂ ಲೇಬಲ್ ಫೋಟೋ ಕಳಿಸಿ, ಬ್ಲೋವರನ್ನು ಚೀಲಕ್ಕೆ ಹಾಕಿದಳು. ವೇಲುಚ್ಚಾಮಿಯವರು ಬಾಗಿಲು ಮುಂದೆ ಮಾಡಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ರಜೆ ಕೊಟ್ಟಾಯ್ತಲ್ಲ ಅಕ್ಕಾ. ಇನ್ನೇನು, ಆ ಮೇಲನ್ನ ಡಿಲೀಟ್ ಮಾಡಿ, ನಕಲನ್ನೂ ಅಳಿಸಿ, ಕಂಪ್ಯಾಕ್ಟ್ ಒತ್ತಿಬಿಡಿ. ನೀವೇ ಹೇಳಿದ್ರಿ, ಕೊನೆಗೆ ಒತ್ತೋದು ಅಂತ."

ಹೇಳಿದ್ದು ನಿಜ. ನಲವತ್ತು ಆಫೀಸುಗಳಲ್ಲಿ ಅದನ್ನು ಒತ್ತಿ, ಒತ್ತಿ ಎಂದು ಗಂಟಲು ಹರಿದುಕೊಂಡವಳು ಅವಳೇ. ಆದರೆ ಗೋಡೆಯ ಮೇಲಿನ ಕಾಗದವನ್ನು ಹರಿಯಲು ಒಂದು ಕೈ ಸಾಕು ಎಂದು ಈಗಷ್ಟೇ ಕಣ್ಣಾರೆ ಕಂಡಿದ್ದಳು. ಹರಿದ ಮೇಲೆ ಉಳಿಯುವ ಸಾಕ್ಷಿ ಆ ಮೇಲೊಂದೇ.

"ಒತ್ತಲ್ಲ ಸಾರ್."

"ಇದು ನಿಮ್ಮ ಕೆಲಸ ಅಕ್ಕಾ. ಕರಾರಲ್ಲಿದೆ."

"ಕರಾರು ಬೇಕಾದ್ರೆ ಮುರೀರಿ, ಇನ್ನೂ ಮೂವತ್ತೊಂಬತ್ತಿವೆ. ಇವರೆಲ್ಲ ಹೋಗಿ, ಹಬ್ಬ ಉಂಡು, ವಾಪಸ್ ಬಂದು, ಒಬ್ಬರೂ ಬಿಡದ ಹಾಗೆ ಹಾಜರಿ ಹಾಕಿ ಒಳಗೆ ಕೂರಲಿ. ಆವತ್ತು ಕರೀರಿ, ಬಂದು ನಾನೇ ಒತ್ತಿಕೊಡ್ತೀನಿ," ಎಂದು ಮೌಸಿನಿಂದ ಕೈ ತೆಗೆದು ಎದ್ದಳು. "ಇವತ್ತು ಒತ್ತಲ್ಲ."