ಕರೆಂಟು ಹೋದರೆ ಅಳಿಯುವ ಅಕ್ಷರ

ಥೂ, ಎಂಥ ಅಣ್ಣನೋ! ಆದರೆ ಆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯವರೆಗೂ ದೆಲ್ಫಿನಾಗೆ ಅವನು ದೇವರಂಥ ಅಣ್ಣನೇ.

ಫಿಲಿಪೈನ್ಸಿನ ಇಲೋಯ್ಲೋದಲ್ಲಿ ಆ ವರ್ಷ ದಿನಾ ಹತ್ತರಿಂದ ನಾಲ್ಕರವರೆಗೆ ಕರೆಂಟಿಲ್ಲ. ಅಣ್ಣ ಇಸಿದ್ರೋ ಐವತ್ತು ದಾಟಿದ ಒಂಟಿ ಗಂಡಸು, ಊರಿನ ಪತ್ರಿಕೆಗೆ ಅಂಕಣ ಬರೆಯುವವನು. ಮನೆಯ ಕಂಪ್ಯೂಟರಿನಲ್ಲಿ ಅವನೊಂದು ಕರಾಮತ್ತು ಮಾಡಿಟ್ಟಿದ್ದ. ಮೆಮೊರಿಯಲ್ಲೇ ಒಂದು ಪಾಲು ಬೇರೆ ಮಾಡಿ, ಅದನ್ನು ಡಿಸ್ಕಿನ ಹಾಗೆ ಬಳಸುತ್ತಿದ್ದ.

"ನೋಡೇ, ಗುಂಡಿ ಒತ್ತಿದ್ದೇ ತಡ, ಫೈಲು ತೆರೆಯುತ್ತೆ. ಹಾರ್ಡ್ ಡಿಸ್ಕ್ ಥರ ಕರಕರ ಅನ್ನಲ್ಲ."

"ಕರೆಂಟ್ ಹೋದ್ರೆ, ಮಾನೋಂಗ್?" ಅಣ್ಣನನ್ನು ಅವಳು ಕರೆಯುತ್ತಿದ್ದದ್ದು ಹಾಗೇ.

"ಒಂದಕ್ಷರ ಉಳಿಯಲ್ಲ."

"ಎಂಥಾ ಕಪಾಟಪ್ಪಾ ಇದು, ದಿನಾ ಹತ್ತು ಗಂಟೆಗೆ ತಳ ಕಳಚಿ ಬೀಳೋದು!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಂಪ್ಯೂಟರನ್ನು ಆಫ್ ಕೂಡ ಮಾಡುತ್ತಿರಲಿಲ್ಲ ಮಹಾರಾಯ. "ಅದು ಕರೆಂಟಿನೋರ ಕೆಲಸ" ಎಂದು ಒಂಬತ್ತೂವರೆಗೇ ಎದ್ದು, ಲಾ ಪಾಸ್ ಮಾರ್ಕೆಟ್ಟಿಗೆ ಬಾಚೊಯ್ ಎನ್ನುವ ನೂಡಲ್ ಸೂಪು ಕುಡಿಯಲು ಹೊರಟುಬಿಡುತ್ತಿದ್ದ. ಮಧ್ಯಾಹ್ನ ಬಂದು "ಇವತ್ತಿಂದೂ ಹೋಯ್ತಲ್ಲೇ!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಕೇಳಿ ಕೇಳಿ ಅವಳಿಗೆ ಅಯ್ಯೋ ಅನ್ನಿಸುತ್ತಿತ್ತು.

ದೆಲ್ಫಿನಾಗೆ ಮೂವತ್ತಾರು. ಗೊತ್ತಾದ ಎರಡು ಮದುವೆ ಮುರಿದುಬಿದ್ದಿದ್ದವು. ಎರಡು ಸಲವೂ ಗಂಡಿನ ಮನೆಗೆ ಹೆಸರಿಲ್ಲದ ಕಾಗದ ಹೋಗಿತ್ತು. ತಾಯಿ ಹುಚ್ಚು ಹಿಡಿದು ಸತ್ತಳು, ಮಗಳಿಗೂ ಫಿಟ್ಸ್ ಬರುತ್ತೆ ಅಂತ. ಪ್ರಿಂಟರಿನ ಅಕ್ಷರ, ಯಾರದೆಂದು ಹೇಳುವುದು? "ಬರೆದವನ ಕೈಗೆ ಹುಳ ಬೀಳ!" ಎಂದು ಕೂಗಾಡಿ ಅವಳ ಕಣ್ಣೊರೆಸಿದವನು ಇಸಿದ್ರೋನೇ. ಈಗ ಔಷಧಿ ಅಂಗಡಿಯ ರೊದೆಲ್ ಭಾನುವಾರ ಹಿರಿಯರನ್ನು ಕರೆದುಕೊಂಡು ಹೆಣ್ಣು ಕೇಳಲು ಬರುವವನಿದ್ದ. ಇದೂ ತಪ್ಪಿದರೆ ಇನ್ನು ಕೇಳುವವರಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮನೆ ಬಿಟ್ಟು ಹೋಗುವ ಮೊದಲು ಅಣ್ಣನಿಗೆ ಏನಾದರೂ ಕೊಡಬೇಕಲ್ಲ? ಗುಟ್ಟಾಗಿ ಒಂದು ಯುಪಿಎಸ್ ತಂದು, ಗುರುವಾರ ಸಂಜೆ ಮೇಜಿನಡಿ ಜೋಡಿಸಿಟ್ಟಳು.

ಶುಕ್ರವಾರ ಅವನು ಎಂದಿನಂತೆ ಹೊರಟ. ಹತ್ತಕ್ಕೆ ಫ್ಯಾನು ನಿಂತಿತು, ಯುಪಿಎಸ್ ಕುಂಯ್ ಕುಂಯ್ ಅಂದಿತು. ಪರದೆ ಮಾತ್ರ ಉರಿಯುತ್ತಲೇ ಇತ್ತು. ಅಣ್ಣನ ಬರವಣಿಗೆಯನ್ನು ಫ್ಲಾಪಿಗೆ ಇಳಿಸಿ ಆಶ್ಚರ್ಯಪಡಿಸೋಣ ಎಂದು ಅವಳು ಖುಷಿಯಿಂದ ಕುಳಿತಳು. ಇದ್ದದ್ದು ಒಂದೇ ಫೈಲು.

"ಮಾನ್ಯ ರೊದೆಲ್ ಅವರಿಗೆ. ಹುಡುಗಿಯ ತಾಯಿ ಹುಚ್ಚು ಹಿಡಿದು ಸತ್ತವಳು..."

ಕೊನೆಯಲ್ಲಿ "ನಿಮ್ಮ ಹಿತೈಷಿ".

ಹತ್ತಕ್ಕೆ ಗುರುತಿಲ್ಲದೆ ಅಳಿಯಲಿ ಅಂತಲೇ ಈ ಕಪಾಟು! ಹೆತ್ತ ತಾಯಿ, ಇಬ್ಬರಿಗೂ ಅವಳೇ ತಾಯಿ! ಅವಳು ಸತ್ತದ್ದು ಟೈಫಾಯಿಡ್ ಜ್ವರದಿಂದ, ಇದೇ ಅಣ್ಣನ ತೊಡೆಯ ಮೇಲೆ. ಕಣ್ಣೊರೆಸಿದ ಆ ಕೈ ನೆನಪಾಗಿ, ದೆಲ್ಫಿನಾ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಮುಖ ತೊಳೆದಳು. ಹೇಸಿಗೆ ಹೋಗಲಿಲ್ಲ. ವಾಪಸು ಬಂದು, ಬ್ಯಾಟರಿ ಸಾಯುವಷ್ಟರಲ್ಲಿ ಮಾಡಬೇಕಾದ್ದನ್ನು ಮಾಡಿದಳು.

ಮಧ್ಯಾಹ್ನ ಅವನು ಬಂದಾಗ ಅವಳು ಸೀರಿಯಸ್ಸಾಗಿ ಬಾಗಿಲಲ್ಲೇ ನಿಂತಿದ್ದಳು, ಹೆಗಲಿಗೆ ಚೀಲ.

"ಇವತ್ತಿಂದೂ ಹೋಯ್ತಲ್ಲೇ!"

"ಹೋಗಿಲ್ಲ, ಮಾನೋಂಗ್. ನಿಂಗೆ ಅಂತ ಯುಪಿಎಸ್ ತಂದಿದ್ದೆ. ಫ್ಲಾಪಿಲಿದೆ. ಕಾಗದ ಪೋಸ್ಟ್ ಮಾಡಿಬಂದ್ಯಾ?"

ಅವನ ಮುಖ ಬಿಳಿಚಿಕೊಂಡಿತು.

"ಅದು ತಲುಪೋದು ನಾಳೆ. ಇದನ್ನ ನಾನು ಈಗಲೇ ರೊದೆಲ್ ಕೈಗೆ ಕೊಡ್ತೀನಿ. 'ಹಿತೈಷಿ' ಅಂತಿದ್ದದ್ದು ಅಳಿಸಿ ನಿನ್ನ ಹೆಸರು ಹಾಕಿದೀನಿ. ಅಷ್ಟು ಚೆನ್ನಾಗಿ ಬರೆದೋನು ಹೆಸರಿಲ್ಲದೆ ಇರಬಾರದು ನೋಡು."

"ದೆಲ್ಫಿನಾ, ಕೇಳಿಲ್ಲಿ... ನೀನು ಹೋದ್ರೆ ನಂಗೆ ಅನ್ನ ಮಾಡಿ ಹಾಕೋರು ಯಾರೇ?"

"ಅನ್ನಕ್ಕಾ?" ಅವಳು ಹೆಗಲ ಚೀಲವನ್ನು ಸರಿಮಾಡಿಕೊಂಡಳು. "ಥೂ! ಒಂದು ತಟ್ಟೆ ಅನ್ನಕ್ಕಾ?"

ಮೆಟ್ಟಿಲಿಳಿದು ಗೇಟು ತೆಗೆದಳು. ಒಳಗೆ ಗ್ಯಾಸ್ ಒಲೆಯ ಮೇಲಿಟ್ಟಿದ್ದ ಅನ್ನ ಸೀಯುವ ವಾಸನೆ ಅಂಗಳಕ್ಕೂ ಬಂದಿತ್ತು. ಅಡುಗೆಮನೆಯ ಕಿಟಕಿಯಿಂದ ಅವನ ಕೂಗು ಕೇಳಿಸಿತು.

"ದೆಲ್ಫಿನಾ! ಈ ಒಲೆ ಆಫ್ ಮಾಡೋದು ಹೇಗೇ?"

"ಕರೆಂಟಿನೋರನ್ನ ಕೇಳು" ಎಂದು ಅವಳು ಗೇಟು ಎಳೆದುಕೊಂಡಳು.