ಎಲ್ಲರಿಗಿಂತ ಮುಂದಿದ್ದ ಹಳದಿ ಗಾಡಿ

ಹತ್ತಿಮತ್ತೂರಿನ ಗುದ್ಲೆಪ್ಪನ ಮನೆಯ ಟಿವಿ ಅಂಗಡಿಯಿಂದ ತಂದದ್ದಲ್ಲ, ಹೋರಿ ಗೆದ್ದು ತಂದದ್ದು. ದೀಪಾವಳಿ ಮುಗಿದ ಮೇಲೆ ಈ ಭಾಗದ ಊರೂರಲ್ಲಿ ನಡೆಯುವ ಹೋರಿ ಸ್ಪರ್ಧೆಯಲ್ಲಿ ಕೊರಳ ತುಂಬ ಕೊಬ್ಬರಿ ಸರ ಕಟ್ಟಿ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಯಾರ ಕೈಗೂ ಸಿಗದೆ, ಒಂದು ಕೊಬ್ಬರಿಯನ್ನೂ ಹರಿಯಗೊಡದೆ ದಾಟಿದರೆ ಗೆದ್ದ ಹಾಗೆ. ಗುದ್ಲೆಪ್ಪನ ಹೋರಿ ಹಾನಗಲ್ಲಿನ ಕಡೆ ಹಾಗೆ ದಾಟಿ ಟಿವಿ ತಂದಿತು. ಅಂದಿನಿಂದ ಅದರ ಎದುರಿನ ಕುರ್ಚಿಯಲ್ಲಿ ಗುದ್ಲೆಪ್ಪನನ್ನು ಬಿಟ್ಟು ಬೇರೆ ಯಾರೂ ಕೂತದ್ದಿಲ್ಲ.

ಕುರ್ಚಿಯ ಮಾತು ಹಾಗಿರಲಿ, ಅವನಿರುವಾಗ ಪಡಸಾಲೆಗೆ ಬರುವುದಕ್ಕೂ ಸೊಸೆ ನೀಲಾ ಹಿಂಜರಿಯುತ್ತಿದ್ದಳು. ಹಿರೇಕೆರೂರಿನ ಹುಡುಗಿ, ಅಪ್ಪನದು ಅಲ್ಲಿ ಬೈಕ್ ಗ್ಯಾರೇಜು. ಕಳೆದ ಬೇಸಿಗೆಯಲ್ಲಿ ಗುದ್ಲೆಪ್ಪನ ಮಗ ಸಾಗರನನ್ನು ಮದುವೆಯಾಗಿ ಬಂದವಳು. ಈ ಮನೆಯಲ್ಲಿ ಸೊಸೆ ಮಾವನೆದುರು ಕೂಡುವುದಿಲ್ಲ, ಮಾತನಾಡುವುದಿಲ್ಲ. ಹೇಳುವುದೇನಿದ್ದರೂ ಅತ್ತೆ ತಿಪ್ಪವ್ವನ ಮೂಲಕ ಹೋಗಬೇಕು, ಅವಳ ಮೂಲಕವೇ ಬರಬೇಕು. ಈ ಪದ್ಧತಿಯನ್ನು ಗುದ್ಲೆಪ್ಪ ಮಾಡಿದ್ದಲ್ಲ. ಆದರೆ ಅದು ಯಾರಿಗೆ ಎಷ್ಟು ಚುಚ್ಚುತ್ತದೆ ಎಂದು ಒಂದು ದಿನವೂ ಅವನು ಕೇಳಿದವನಲ್ಲ.

ಮುಂಗಾರು ಹಿಡಿದ ಒಂದು ಭಾನುವಾರ ಸಂಜೆ ಅವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಮಾವನಿಗೆ ನಿದ್ದೆ ಬಂತೆಂದು ತಿಳಿದು ನೀಲಾ ಟಿವಿ ಹಚ್ಚಿ, ಸಪ್ಪಳ ಸಣ್ಣದು ಮಾಡಿ, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಗುದ್ಲೆಪ್ಪ ಒಂದು ಕಣ್ಣು ತೆರೆದ. ಪರದೆಯ ಮೇಲೆ ನೆಲಕ್ಕೆ ಅಂಟಿಕೊಂಡಂತಿದ್ದ ಗಾಡಿಗಳು ಹುಚ್ಚೆದ್ದು ಓಡುತ್ತಿದ್ದವು. ಅವನು ಎರಡನೆಯ ಕಣ್ಣನ್ನೂ ತೆರೆದ.

"ಏನವು? ಕಣಜದ ಹುಳದಂಗ ಗುಂಯ್ ಅನ್ನಾಕತ್ತಾವಲ್ಲ!"

ಜೋಳ ಹಸನು ಮಾಡುತ್ತಿದ್ದ ತಿಪ್ಪವ್ವ ಬಾಗಿಲ ಕಡೆ ತಿರುಗಿದಳು. "ಏನಂತವ್ವಾ ಅವು?"

"ಕಾರಿನ ರೇಸ್ರೀ ಅತ್ತಿ. ಫಾರ್ಮುಲಾ ಒನ್ ಅಂತಾರ," ಎಂದಳು ನೀಲಾ ಮೆಲ್ಲಗೆ.

"ಕಾರಿನ ರೇಸಂತ," ಎಂದಳು ತಿಪ್ಪವ್ವ ಗಂಡನಿಗೆ.

ಗುದ್ಲೆಪ್ಪನ ಕಿವಿಗೆ ಎರಡು ಸಲವೂ ಚೆನ್ನಾಗಿಯೇ ಕೇಳಿಸಿತ್ತು. ಆದರೆ ಮನೆಯ ಕಾನೂನಿನ ಪ್ರಕಾರ ಎರಡನೆಯ ಸಲ ಕೇಳಿದ್ದೇ ಲೆಕ್ಕ.

ಸೆರಗು ಸರಿಮಾಡಿಕೊಂಡು ಟಿವಿ ಆರಿಸಲು ಬಂದವಳನ್ನು ನೋಡಿ, "ಇರಲಿ ಬಿಡಂತ ಹೇಳು," ಎಂದ. ಅಷ್ಟರಲ್ಲಿ ಒಂದು ಗಾಡಿ ಪಕ್ಕಕ್ಕೆ ಬಂದು ನಿಂತಿತು. ಇರುವೆಗಳಂತೆ ಜನ ಮುತ್ತಿದರು. ಗುದ್ಲೆಪ್ಪ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ನಾಲ್ಕೂ ಗಾಲಿ ಹೊಸದಾಗಿ, ಗಾಡಿ ಮತ್ತೆ ಓಟ ಕಿತ್ತಿತ್ತು. ಅವನು ಕುರ್ಚಿಯ ತುದಿಗೆ ಬಂದ.

"ಅಯ್ ಇವನ! ಸವಣೂರಾಗ ನಮ್ಮ ಇರ್ಫಾನಗ ಟ್ರ್ಯಾಕ್ಟರಿನ ಒಂದು ಗಾಲಿ ಬಿಚ್ಚಾಕ ಮಧ್ಯಾಹ್ನ ಆಕ್ಕತಿ. ಯಾಕ ಬದಲಿ ಮಾಡಿದ್ರಂತ ಕೇಳು."

ಪ್ರಶ್ನೆ ಹೋಯಿತು, ಉತ್ತರ ಬಂತು. ಇನ್ನೊಂದು ಪ್ರಶ್ನೆ ಹೋಯಿತು. ಟಯರು, ಎಂಜಿನು, ತಿರುವು ಏನೊಂದೂ ಗೊತ್ತಿಲ್ಲದ ತಿಪ್ಪವ್ವ ನಡುವೆ ಕೂತು ಅಂಚೆಯವನ ಕೆಲಸ ಮಾಡಿ ಮಾಡಿ ಸುಸ್ತಾದಳು. ಆ ಸಂಜೆ ಜೋಳ ಹಸನಾಗಲಿಲ್ಲ.

ಗುದ್ಲೆಪ್ಪನ ಮನಸ್ಸು ಕದ್ದದ್ದು ಒಂದು ಹಳದಿ ಗಾಡಿ. ಹಿಂದಿನಿಂದ ಒಂದಾದ ಮೇಲೊಂದು ಗಾಡಿ ಅದನ್ನು ಅಟ್ಟಿಸಿಕೊಂಡು ಬರುತ್ತಿದ್ದವು, ಅದು ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಹೋರಿ ಕಟ್ಟುವವನ ಕಣ್ಣಿಗೆ ಇನ್ನೇನು ಬೇಕು? ಪರದೆಯ ಬದಿಗಿದ್ದ ಇಂಗ್ಲಿಷ್ ಹೆಸರುಗಳನ್ನು ಅವನು ಓದಲಾರ. ಒಮ್ಮೊಮ್ಮೆ ಹಳದಿ ಗಾಡಿ ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಕೊಡುತ್ತಿತ್ತು. ಅದಕ್ಕೂ ಅವನ ಹತ್ತಿರ ಅರ್ಥವಿತ್ತು: "ನೋಡು, ದೊಡ್ಡ ಮನಸಿನ ಗಾಡಿ. ಸಣ್ಣವಕ್ಕ ಹಾದಿ ಬಿಡ್ತೈತಿ."

ಬಾಗಿಲ ಹಿಂದೆ ನೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ತಿಪ್ಪವ್ವನಿಗೆ ಮಾತ್ರ ಕಂಡಿತು.

ದೀಪ ಹಚ್ಚುವ ಹೊತ್ತಾದರೆ ಹೋರಿಗೆ ಹುರುಳಿ ತಿನ್ನಿಸಬೇಕು. ಆ ಕೆಲಸವನ್ನು ಗುದ್ಲೆಪ್ಪ ಯಾರಿಗೂ ಬಿಡುತ್ತಿರಲಿಲ್ಲ. ಹೀಗಾಗಿ ಯಾವ ರೇಸಿನ ಕೊನೆಯನ್ನೂ ಅವನು ನೋಡಲಿಲ್ಲ. ತಿರುಗಿ ಬಂದವನೇ, "ನಮ್ಮದು ಏನಾತು ಕೇಳು," ಎನ್ನುವನು. "ಕಡೀತನಕ ಓಡ್ತು ಅಂತ ಹೇಳ್ರಿ ಅತ್ತಿ," ಎನ್ನುವಳು ನೀಲಾ. ತಿಪ್ಪವ್ವ ಗಂಡನ ಮುಖ ಒಮ್ಮೆ ನೋಡಿ, "ಗೆದ್ದತಂತ," ಎಂದು ಮುಗಿಸುವಳು.

ಮಳೆಗಾಲ ಅರ್ಧವಾಗುವುದರೊಳಗೆ ಗುದ್ಲೆಪ್ಪ ಊರಿಗೆಲ್ಲ ತಲೆನೋವಾದ. ಹೆಗಲ ವಸ್ತ್ರದ ಜಾಗಕ್ಕೆ ಹಳದಿ ವಲ್ಲಿ ಬಂತು. ಹೋರಿಯ ಕೋಡಿಗೆ ಹಳದಿ ರಿಬ್ಬನ್ ಏರಿತು. ಚಹಾದಂಗಡಿಯಲ್ಲಿ ಮೆಕ್ಕೆಜೋಳದ ರೇಟಿನ ಮಾತು ಎತ್ತಿದವನಿಗೂ ತಿರುವಿನಲ್ಲಿ ಬ್ರೇಕು ಎಲ್ಲಿ ಒತ್ತಬೇಕೆಂದು ಹೇಳಿ ಕಳಿಸುತ್ತಿದ್ದ. "ನಮ್ಮ ಹಳದಿ ಇನ್ನೂ ಒಂದೂ ಸೋತಿಲ್ಲ," ಎನ್ನುವಾಗ ಮೀಸೆ ತಾನಾಗಿ ಮೇಲೇಳುತ್ತಿತ್ತು. ನಿಜ ಹೇಳಬೇಕೆಂದರೆ ಭಾನುವಾರಕ್ಕಾಗಿ ಅವನು ಕಾಯುತ್ತಿದ್ದದ್ದು ಗಾಡಿಗಾಗಿ ಮಾತ್ರ ಅಲ್ಲ. ಬಾಗಿಲ ಹಿಂದಿನಿಂದ ಬರುತ್ತಿದ್ದ ಆ ಸಣ್ಣ ದನಿ, ಮಳೆ ಬಿದ್ದ ರಸ್ತೆಗೆ ಯಾವ ಟಯರು, ಬಿಸಿಲಿಗೆ ಯಾವುದು ಎಂದು ಹೇಳುವಾಗಿನ ಅದರ ಹುರುಪು, ಅವನಿಗೆ ಹಿಡಿಸಿಬಿಟ್ಟಿತ್ತು. ಮಗಳು ಹುಟ್ಟದ ಮನೆ ಅದು.

ಹಾಗಿರುವಾಗಲೇ ಒಂದು ಬೆಳಿಗ್ಗೆ ಹಿತ್ತಲಲ್ಲಿ ಸಾಗರ ತಾಯಿಯ ಜೊತೆ ಆಡಿದ ಮಾತು ಅವನ ಕಿವಿಗೆ ಬಿತ್ತು. ಸಾಗರ ಹಾವೇರಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ, ದಿನವೂ ಬೈಕಿನಲ್ಲಿ ಓಡಾಡುತ್ತಿದ್ದ.

"ಹಾವೇರ್ಯಾಗ ಒಂದು ರೂಮು ನೋಡೇನಬೇ. ಆಕಿಗೆ ಇಲ್ಲಿ ಬಾಯಿ ಕಟ್ಟಿದಂಗ ಆಗೈತಿ. ತವರುಮನ್ಯಾಗ ಅರಳು ಹುರಿದಂಗ ಮಾತಾಡಾಕಿ. ಇಲ್ಲಿ ಗಟ್ಟಿಯಾಗಿ ನಕ್ಕದ್ದು ನಾನ ಕೇಳಿಲ್ಲ."

ಹೋರಿಯ ಮೈ ತಿಕ್ಕುತ್ತಿದ್ದ ಗುದ್ಲೆಪ್ಪನ ಕೈ ನಿಂತಿತು. ಹೋಗಬೇಡಿ ಎನ್ನಬೇಕೆನಿಸಿತು. ಯಾರ ಕೈಲಿ ಹೇಳಿಸುವುದು? ಮತ್ತೆ ತಿಪ್ಪವ್ವನ ಕೈಲೇ? ಇಂಥ ಮಾತು ಇನ್ನೊಬ್ಬರ ಬಾಯಿಂದ ಹೋದರೆ ದಾರಿಯಲ್ಲೇ ತಣ್ಣಗಾಗುತ್ತದೆ. ಅವನು ಮತ್ತೆ ಹೋರಿಯ ಮೈ ತಿಕ್ಕತೊಡಗಿದ.

ಮರುದಿನ ಟ್ರ್ಯಾಕ್ಟರಿನ ಟಯರನ್ನು ಟೆಂಪೋದಲ್ಲಿ ಹಾಕಿಕೊಂಡು ಸವಣೂರಿಗೆ ಇರ್ಫಾನನ ಅಂಗಡಿಗೆ ಹೋದ. ಕೆಲಸ ಮಾಡುತ್ತ ಇರ್ಫಾನ ಹಳದಿ ವಲ್ಲಿಯ ವಿಷಯ ಕೇಳಿದ. ಇವನು ಹೇಳಿದ. ಇರ್ಫಾನ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ನಕ್ಕದ್ದೇ ನಕ್ಕದ್ದು.

"ಕಾಕಾ, ನಾನೂ ನೋಡ್ತೇನಿ ರೇಸು. ಹಳದಿ ಗಾಡಿ ಎಲ್ಲಾರಕಿಂತ ಹಿಂದ ಐತಿ!"

"ನನ್ನ ಕಣ್ಣು ಹೋಗ್ಯಾವೇನು? ಎಲ್ಲಾರೂ ಅದರ ಹಿಂದ ಬರ್ತಾರ."

ಇರ್ಫಾನ ಒಂದು ಟಯರನ್ನು ನೆಲಕ್ಕೆ ಮಲಗಿಸಿ ಅದರ ಅಂಚಿನ ಮೇಲೆ ಎರಡು ನಟ್ಟು ಇಟ್ಟ. "ಇದು ಸುತ್ತು ಹೊಡಿಯೂ ಆಟ. ಈ ಮುಂದಿನವ ಜೋರು ಓಡ್ತಾನ, ಪೂರಾ ಒಂದು ಸುತ್ತು ಹೆಚ್ಚಿಗಿ ಓಡಿ ಬಂದು ಈ ಕಡೇದವನ ಬೆನ್ನಿಗೆ ಬೀಳ್ತಾನ. ನೋಡಾವರಿಗೆ ಕಡೇದವ ಮುಂದ ಕಾಣ್ತಾನ. ಅದಕ್ಕ ಹಾದಿ ಬಿಡ್ತಾನ, ಬಿಡಲಿಲ್ಲಂದ್ರ ದಂಡ ಹಾಕ್ತಾರ."

ದೊಡ್ಡ ಮನಸ್ಸು ಅಲ್ಲ, ದಂಡದ ಭಯ. ಗುದ್ಲೆಪ್ಪ ವಲ್ಲಿಯನ್ನು ಮಡಚಿ ಬಗಲಿಗಿಟ್ಟುಕೊಂಡು ಊರ ಹಾದಿ ಹಿಡಿದ. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಗ್ಯಾರೇಜಿನವನ ಮಗಳಿಗೆ ಇದು ಗೊತ್ತಿರಲಿಲ್ಲವೇ? ಮಾವ ಊರ ತುಂಬ ನಗೆಗೀಡಾಗುವುದನ್ನು ನೋಡುತ್ತ ನಿಂತಳಲ್ಲ!

ನೀಲಾ ನೀರಿಗೆ ಹೋಗಿದ್ದಳು. ಸಿಕ್ಕವಳು ತಿಪ್ಪವ್ವ.

"ಹಳದಿ ಗಾಡಿ ಗೆದ್ದತಂತ ಯಾರು ಹೇಳಿದ್ರು?"

ತಿಪ್ಪವ್ವ ತಡವರಿಸಲಿಲ್ಲ. "ನಾ ಹೇಳೇನಿ. ಆಕಿ ಓಡ್ತು ಅಂದ್ಲು, ನಾ ಗೆದ್ದತು ಅಂದೆ. ಹ್ವಾದ ವರ್ಷ ಹೋರಿ ಸೋತಾಗ ಎರಡು ದಿನ ತಾಟು ಮುಟ್ಟಲಿಲ್ಲ ನೀವು. ಮನ್ಯಾಗ ಯಾರೂ ಉಸುರು ಬಿಡಲಿಲ್ಲ. ಕಾರೂ ಸೋತತು ಅಂದು ಮತ್ತ ಆ ಮಾರಿ ನೋಡಾಕ ನನ್ನ ಕಡಿಂದ ಆಗಂಗಿಲ್ಲ."

"ಆಕೀನರ ಹೇಳಬೇಕಿತ್ತಿಲ್ಲ?"

"ಹೆಂಗ ಹೇಳ್ತಾಳ? ಯಾವ ಬಾಯಿಲೆ? ನೀವು ಆಕೀಗೆ ಬಾಯಿ ಎಲ್ಲಿ ಕೊಟ್ಟೀರಿ?"

ಹೆಂಡತಿ ಇಷ್ಟು ವರ್ಷದಲ್ಲಿ ಅವನಿಗೆ ಇಷ್ಟು ಉದ್ದದ ಮಾತು ಆಡಿರಲಿಲ್ಲ. ಗುದ್ಲೆಪ್ಪ ಕುರ್ಚಿಯಲ್ಲಿ ಕೂತ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಅವನು ತಪ್ಪಿದರೆ ತಪ್ಪು ಎನ್ನುವವರು ಈ ಮನೆಯಲ್ಲಿ ಯಾರೂ ಇಲ್ಲ. ಒಬ್ಬಳು ಹೆದರಿ ಸುಳ್ಳು ಹೇಳುತ್ತಾಳೆ, ಇನ್ನೊಬ್ಬಳು ಬಾಗಿಲ ಹಿಂದೆ ಮಾತು ನುಂಗುತ್ತಾಳೆ. ಅಂಥ ಮನೆಯಿಂದ ಮಕ್ಕಳು ಹಾವೇರಿಗೆ ಹೋಗದೆ ಮತ್ತೇನು ಮಾಡುತ್ತಾರೆ?

ಭಾನುವಾರ ಬಂತು. ರೂಮಿನವನಿಗೆ ನಾಳೆ ಮಾತು ಕೊಡಬೇಕೆಂದು ಸಾಗರ ಹೇಳಿಯಾಗಿತ್ತು. ಮಗನ ಕೈಗೆ ಹುರುಳಿ ಕೊಟ್ಟು ಹೋರಿಯ ಹತ್ತಿರ ಕಳಿಸಿ, ಗುದ್ಲೆಪ್ಪ ರೇಸಿನ ಮುಂದೆ ಕೂತ. ಹೋರಿಯ ಕೆಲಸವನ್ನು ಅವನು ಇನ್ನೊಬ್ಬರಿಗೆ ಬಿಟ್ಟದ್ದು ನೋಡಿ ತಿಪ್ಪವ್ವನಿಗೆ ಗಾಬರಿಯಾಯಿತು, ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡಳು.

ಪರದೆಯ ಮೇಲೆ ಹಳದಿ ಗಾಡಿ ಕಂಡಿತು. ಹಿಂದೆ ಎರಡು ಗಾಡಿ ಒತ್ತಿಕೊಂಡು ಬರುತ್ತಿದ್ದವು. ಗುದ್ಲೆಪ್ಪ ಗಂಟಲು ಸರಿಮಾಡಿಕೊಂಡ.

"ನೀಲಾ," ಎಂದ.

ಅವನು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಒಳಗೆ ಪಾತ್ರೆಯ ಸಪ್ಪಳ ನಿಂತಿತು.

"ನಮ್ಮ ಹಳದಿ ಗಾಡಿ ಇವತ್ತೂ ಎಲ್ಲಾರಕಿಂತ ಮುಂದ ಐತಿ. ಹೌದಿಲ್ಲೋ?"

"ಹೌದಂತ..." ಎಂದು ತಿಪ್ಪವ್ವ ಬಾಯಿ ತೆರೆದಳು. ಗುದ್ಲೆಪ್ಪ ಕೈಯೆತ್ತಿ ತಡೆದ. "ನಿನ್ನ ಕೇಳಿಲ್ಲ. ಆಕಿನ್ನ ಕೇಳೇನಿ."

ಗಾಡಿಗಳು ಒಂದು ಸುತ್ತು ಮುಗಿಸಿದವು. ಇನ್ನೊಂದು ಮುಗಿಸಿದವು. ಇಷ್ಟು ವಯಸ್ಸಾಗಿ, ಒಬ್ಬ ಹುಡುಗಿಯ ಬಾಯಿಂದ ತಾನು ತಪ್ಪು ಎಂದು ಕೇಳಲು ಇಷ್ಟು ಹಂಬಲಿಸುತ್ತೇನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಇಲ್ಲರೀ ಮಾವಾರ," ಎಂಬ ದನಿ ಬಂತು. "ಅದು ಕಡೇ ಗಾಡಿರೀ."

ಗುದ್ಲೆಪ್ಪನಿಗೆ ಹೋರಿ ಗೆದ್ದಾಗಲೂ ಇಷ್ಟು ಸಂತೋಷವಾಗಿರಲಿಲ್ಲ. ಅದನ್ನು ಮುಖದಲ್ಲಿ ತೋರಿಸದೆ, "ಹಂಗಾರ ಅದನ್ನ ಬಿಟ್ಟು ಬ್ಯಾರೇದು ಹಿಡಿಯೂಣೇನು?" ಎಂದ.

"ಬ್ಯಾಡ್ರಿ!" ದನಿ ಒಮ್ಮೆಲೇ ಜೋರಾಯಿತು. "ಅದು ನಂದೂ ಗಾಡಿರೀ. ಸಾಲಿಗೆ ಹೋಗುವಾಗಿಂದ ಅದು ಗೆಲ್ಲಲಿ ಅಂತ ಬಡಕೊಳ್ಳಾಕತ್ತೇನಿ. ಅದು ಗೆಲ್ಲಂಗಿಲ್ಲ, ನಾ ಬಿಡಂಗಿಲ್ಲ. ನಮ್ಮ ತಮ್ಮ ನಗ್ತಾನ. ನೀವೂ ಅದನ್ನ ಹಿಡಿದ್ರಲ್ಲ, ನನಗ ಖುಷಿ ಆಗಿತ್ರಿ. ಕಡೇದು ಅಂದ್ರ ಎಲ್ಲಿ ಬಿಡ್ತೀರೋ ಅಂತ..." ಮಾತಿನ ಭರದಲ್ಲಿ ಅವಳು ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದಿದ್ದಳು. ಅದು ಅವಳಿಗೇ ತಿಳಿದಿರಲಿಲ್ಲ. ತಿಪ್ಪವ್ವ ಮಾತ್ರ ಚಾಪೆಯ ಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಗುದ್ಲೆಪ್ಪ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ಇನ್ನು ತಡೆಯಲಾಗದೆ ಅಂದುಬಿಟ್ಟ: "ನೀವು ಹಾವೇರಿಗೆ ಹ್ವಾದ್ರ ನಾ ತಪ್ಪಿದ್ದನ್ನ ಯಾರು ಹೇಳ್ತಾರ ನನಗ? ನೀ ಇಲ್ಲದ ಈ ಟಿವಿ ತಗೊಂಡು ನಾ ಏನು ಮಾಡ್ಲಿ? ಇನ್ನ ಮ್ಯಾಲೆ ಈ ಮನ್ಯಾಗ ನೀ ಹೆಂಗ ಬೇಕೋ ಹಂಗ ಕೂಡು, ಏನು ಬೇಕೋ ಅದನ್ನ ಮಾತಾಡು. ನಾ ಒಂದು ಮಾತು ಹೇಳ್ತೇನಿ ಕೇಳವ್ವಾ..."

"ಮಾವಾರ, ರೂಮಿನ ಮಾತು ಆಮ್ಯಾಲೆ ಆಡೂಣ್ರಿ," ಎಂದಳು ನೀಲಾ, ಪರದೆಯಿಂದ ಕಣ್ಣು ಕೀಳದೆ, ಅತ್ತೆಯ ಪಕ್ಕ ಕುಸಿದು ಕೂರುತ್ತ. "ನಮ್ಮ ಗಾಡಿ ಟಯರ್ ಬದಲಿಗೆ ಬಂತು. ಒಂದೀಟು ಸುಮ್ಕ ಕೂಡ್ರಿ!"

ತಿಪ್ಪವ್ವ ಗಂಡನ ಮುಖ ನೋಡಿದಳು. ಗುದ್ಲೆಪ್ಪ ಸುಮ್ಮನೆ ಕೂತ.